ಹನ್ನೊಂದು ಮಿಲಿಮೀಟರು

ಗುರುವಾರ ಹತ್ತೂವರೆಗೆ ತಗಡಿನ ಶೆಡ್ಡಿನಲ್ಲಿ ಮೀಟಿಂಗು.
ಮೇಜಿನ ಮೇಲೆ ಟಗ್ಗಿನ ನಕ್ಷೆ, ನಾಲ್ಕು ಮೂಲೆಗೆ ನಾಲ್ಕು ನಟ್ಟು,
ಗುರುಪುರ ಹೊಳೆಯ ಗಾಳಿಗೆ ಹಾರಬಾರದಲ್ಲ.

ಬೋರ್ಡಿನ ಮೇಲೆ ಎರಡು ದಾರಿ, ಬರೆದವಳು ನಾನೇ.
ಒಂದು, ಬೆನ್ನೆಲುಬು ಹಾಸಿ, ಪಕ್ಕೆಲುಬು ನಿಲ್ಲಿಸಿ,
ತಗಡು ಹೊದಿಸಿ, ಆಮೇಲೆ ಕತ್ತಲೆಗೆ ನುಗ್ಗಿ
ಪೈಪು, ತಂತಿ, ಯಂತ್ರ.
ಇನ್ನೊಂದು, ಹಡಗನ್ನು ಹದಿನಾಲ್ಕು ತುಂಡು ಮಾಡಿ
ನೆಲದ ಮೇಲೇ ಬೋರಲು ಮಲಗಿಸಿ
ಬಣ್ಣದವರೆಗೆ ಎಲ್ಲ ಮುಗಿಸಿ ಜೋಡಿಸುವುದು.
ಎರಡನೆಯದರಲ್ಲಿ ಐವತ್ತು ದಿನ ಉಳಿತಾಯ ಎಂದೆ.
ಐವತ್ತರ ಕೆಳಗೆ ಎರಡು ಗೆರೆ ಎಳೆದೆ.

ರೋಹಿದಾಸ ತಿಂಗಳಾಯರು ಲ್ಯಾಪ್‌ಟಾಪ್ ತಿರುಗಿಸಿದರು,
ತುಂಡುಗಳು ಪರದೆಯಲ್ಲಿ ಸದ್ದಿಲ್ಲದೆ ಕೂಡಿಕೊಂಡವು.
ಬಾಗಿಲಲ್ಲಿ ನಿಂತಿದ್ದ ಇದಿನಬ್ಬ ಮೇಸ್ತ್ರಿ ಕೇಳಿದರು,
"ನಮ್ಮ ಕ್ರೇನು ಎಷ್ಟು ಎತ್ತುತ್ತದೆ ಮೇಡಂ?"
ಮೂವತ್ತೆರಡು ಟನ್ನು.
"ಎಂಜಿನ್ನಿನ ತುಂಡು?"
ನಲವತ್ತೊಂದು.
ಫ್ಯಾನಿನ ಸದ್ದು ಆಗ ಕೇಳಿಸಿತು.

ವಿನ್ಯಾಸಕಾರ ಪೆನ್ಸಿಲ್ ಹಿಡಿಯುವ ಮೊದಲೇ
ಹಡಗನ್ನು ಅರ್ಧ ಬರೆದಿರುತ್ತದೆ ಕ್ರೇನು.
ಉಳಿದರ್ಧ ಅಳಿವೆಯ ಮರಳು:
ಇಷ್ಟೇ ನೀರು, ಇಂಥ ಹುಣ್ಣಿಮೆ, ಅಷ್ಟರೊಳಗೆ ಇಳಿಸು.

ಕೊನೆಗೆ ಒಪ್ಪಂದ. ಎಂಜಿನ್ ಕೋಣೆ ಹಳೆಯ ದಾರಿಯಲ್ಲಿ,
ಉಳಿದದ್ದು ತುಂಡು ತುಂಡಾಗಿ.
ಮೇಸ್ತ್ರಿ ಮತ್ತೊಂದು ಮಾತು ಹೇಳಿದ್ದರು, ಹೊರಗೆ, ಬೀಡಿ ಹಚ್ಚುತ್ತ:
"ಎಂಟನೇ ತುಂಡಿನ ಅಂಚು ಮೂವತ್ತು ಮಿಲಿಮೀಟರು ಜಾಸ್ತಿ ಇರಲಿ.
ಬೆಸುಗೆ ಹಾಕಿದರೆ ಕಬ್ಬಿಣ ಎಳಕೊಳ್ತದೆ.
ಮಗುವಿನ ಅಂಗಿಗೆ ಟೈಲರ್ ಮಡಿಕೆ ಬಿಡುವುದಿಲ್ವಾ, ಹಾಗೆ.
ಕೊನೆಗೆ ನಾನು ಕತ್ತರಿಸಿ ಕೊಡ್ತೇನೆ, ಒಂದು ದಿನದ ಕೆಲಸ."

ಆ ಒಂದು ದಿನವನ್ನು ನಾನು ಹೊಡೆದುಹಾಕಿದೆ.
ಕೆಂಪು ಪೆನ್ನು. ನೆನಪಿದೆ, ಆಗ ಚಹಾ ಕುಡಿಯುತ್ತಿದ್ದೆ.

ಏಪ್ರಿಲ್. ಏಳು ಮತ್ತು ಎಂಟು ಎದುರುಬದುರಾದವು.
ಮಧ್ಯೆ ಹನ್ನೊಂದು ಮಿಲಿಮೀಟರು ಖಾಲಿ.
ಅದರೊಳಗಿಂದ ಆಚೆ ದಡ ಕಾಣುತ್ತಿತ್ತು,
ಬೆಂಗ್ರೆಯ ಫೆರಿ, ಛತ್ರಿ ಹಿಡಿದ ಒಬ್ಬಳು ಹೆಂಗಸು,
ಎಲ್ಲ ನೂಲಿನಷ್ಟು ಸಪೂರ.

ಬಿಸಿಲಿಗೆ ಹಿಗ್ಗಿರಬೇಕು ಎಂದೆ.
ಮೇಸ್ತ್ರಿ ಬೈಯಲಿಲ್ಲ. ಮಾರನೇ ದಿನ
ಸುಬಹಿ ನಮಾಜು ಮುಗಿಸಿ, ಕಬ್ಬಿಣ ತಣ್ಣಗಿರುವಾಗ
ಮತ್ತೆ ಅಳೆದರು. ಬಿಸಿಲು ತಿಂದದ್ದು ಒಂದೇ ಮಿಲಿಮೀಟರು.
ಉಳಿದ ಹತ್ತು ನನ್ನವು.

ತಗಡು ಬಿಚ್ಚಿ, ಹೊಸ ಪಟ್ಟಿ ಸೇರಿಸಿ,
ಮುಗಿಸಿದ್ದ ಬಣ್ಣ ಸುಟ್ಟು, ಒಂಬತ್ತು ದಿನ.
ಆ ಹುಣ್ಣಿಮೆ ಹೋಯಿತು. ಟಗ್ಗು ಮುಂದಿನದಕ್ಕೆ ಕಾಯಿತು,
ಪುಣ್ಯಕ್ಕೆ ಮಳೆ ಹಿಡಿದಿರಲಿಲ್ಲ.

ಈಗ ಇನ್ನೊಂದು ಹಡಗು, ಇನ್ನೊಂದು ಗುರುವಾರ.
ಮಸ್ಕರೇನ್ಹಸ್ ಸಾರ್ ಚಾರ್ಟಿನ ಮೇಲೆ ಬೆರಳಿಟ್ಟರು:
"ಈ ಖಾಲಿ ಚೌಕ ಏನು? ಹೆಸರೇ ಇಲ್ಲ, ಒಂದು ದಿನ?"
ಮಡಿಕೆ ಸಾರ್, ಎಂದೆ.
"ಅದಕ್ಕೆ ದುಡ್ಡು ಕೊಡುವವರು ಯಾರು?"

ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ,
ಹೊರಗೆ ಇಳಿತದ ಹೊಳೆ,
ಗ್ರೈಂಡರಿನ ಕಿಡಿ.