ಇಪ್ಪತ್ಮೂರು ಕಿಲೋ

ರಾಸ್ತಾ ಪೇಠೆಯ ರದ್ದಿ ಅಂಗಡಿಯಲ್ಲಿ
ನನ್ನ ಸೈಕಲ್ಲಿನ ಪೆಟ್ಟಿಗೆಯನ್ನು ತಕ್ಕಡಿಯ ಕೊಕ್ಕೆಗೆ ನೇತುಹಾಕಿ
ಪೋಪಟ್ ಶೇಠ್ ಕಣ್ಣು ಕಿರಿದು ಮಾಡಿ ಓದಿದ:
ಇಪ್ಪತ್ತಾರೂ ಕಾಲು.
ವಿಮಾನದವರು ಬಿಡುವುದು ಇಪ್ಪತ್ಮೂರು.
"ರದ್ದಿಯಾಗಿದ್ದರೆ ಕಿಲೋಗೆ ಇಷ್ಟು ಅಂತ ಕೊಡುತ್ತಿದ್ದೆ ತಾಯಿ,
ಇದಕ್ಕೆ ಏನು ಹೇಳಲಿ?"

ಪೆಡಲು ಬಿಚ್ಚಿ ಕೋಟಿನ ಜೇಬಿಗೆ.
ಪಾನಾ, ಪಂಪು, ಮೊಣಕಾಲಿನ ಚಿಪ್ಪು ನಚಿಕೇತನ ಚೀಲಕ್ಕೆ.
ಶೇಂಗಾ ಹಿಂಡಿಯ ಡಬ್ಬಿ ಮಾತ್ರ ತೆಗೆಯೆನೆಂದೆ.
ಹೆಲ್ಮೆಟ್ಟಿನೊಳಗೆ, ತಲೆ ಇರಬೇಕಾದಲ್ಲಿ
ಅದು ಬೆಚ್ಚಗೆ ಕೂತಿದೆ.

ಜನವರಿಯಿಂದ ಇದೇ ಆಗಿದೆ.
ಭಾನುವಾರ ವೇತಾಳ ಟೇಕಡಿ ಇಳಿದು,
ಕವಳಿ ಮುಳ್ಳು ಗೀರಿದ ಮೊಣಕೈ, ಹಲ್ಲಲ್ಲಿ ಧೂಳು,
ಚಹಾ ಗಾಡಿಯ ಬೆಂಚಿನ ಮೇಲೆ
ಆಲ್ಪ್ಸ್ ಹರಡುತ್ತಿದ್ದೆವು.
ಲೆಯೋಗಾಂಗ್ ಮೂರು ದಿನ, ಅಲ್ಲಿಂದ ರೈಲು,
ಮೋರ್ಜಿನ್ ಐದು, ಬೇಡ, ನಾಲ್ಕು,
ಯುರೋ ಮತ್ತೆ ಏರಿದೆ.
ನೀಲಿ ದಾರಿ ಮಕ್ಕಳಿಗೆ, ಕೆಂಪು ನಮಗೆ,
ಕರಿದು ಹೋರ್ಮಜ್‌ಗೆ, ಅವನಿಗೆ ಮದುವೆಯಾಗಿಲ್ಲ.
ಶಾಲ್ಮಲಿ ಮಾರ್ಚಿನಲ್ಲಿ ಬರುವುದಿಲ್ಲವೆಂದಳು.
ಕಾರಣ ಹೇಳಲಿಲ್ಲ, ನಾವೂ ಕೆದಕಲಿಲ್ಲ.
ಲೆಕ್ಕದ ಹಾಳೆಯಲ್ಲಿ ಅವಳ ಹೆಸರು ಇನ್ನೂ ಇದೆ,
ಸೊನ್ನೆಯ ಎದುರು.

ಅಲ್ಲಿ ಹತ್ತಬೇಕಿಲ್ಲವಂತೆ.
ತೂಗುಕುರ್ಚಿ ಸೈಕಲ್ಲನ್ನೂ ಸಿಕ್ಕಿಸಿಕೊಂಡು
ಮೋಡದ ಹೊಸ್ತಿಲಿಗೆ ಬಿಟ್ಟು ಬರುತ್ತದಂತೆ.
ಗಾಲಿ ಕಟ್ಟುವ ಲೋಣಕರ್ ಕಾಕಾ ಇದನ್ನು ಕೇಳಿ
ಕಡ್ಡಿ ಬಿಗಿಯುವುದನ್ನೇ ನಿಲ್ಲಿಸಿದ.
"ಏರೋದಕ್ಕೆ ದುಡ್ಡು ಕೊಡ್ತೀರಿ. ಇಳಿಯೋದಕ್ಕೆ?"
ಅದು ಪುಕ್ಕಟೆ, ಕಾಕಾ.
"ಪುಕ್ಕಟೆ ಇಳಿದವರು ಯಾರೂ ಇಲ್ಲ" ಎಂದು
ಎಡಗಾಲಿನ ಪಾಯಿಜಾಮ ಎತ್ತಿ ತೋರಿಸಿದ.
ಅರವತ್ತೆಂಟನೇ ಇಸವಿ, ಕಾತ್ರಜ್ ಘಾಟು,
ಎರಡು ಕ್ಯಾನು ಹಾಲು, ಹರಿದ ಬ್ರೇಕಿನ ತಂತಿ.
ಹಾಲು ಏನಾಯಿತು, ಕೇಳಿದೆ.
"ಅರ್ಧ ಉಳೀತು. ಅರ್ಧ ನಾಯಿಗಳಿಗೆ ಹಬ್ಬ."

ನನ್ನದು ವಿಮೆಯ ಕಚೇರಿ.
ಇಪ್ಪತ್ತೊಂದು ವರ್ಷ ಬೇರೆಯವರು ಬಿದ್ದದ್ದಕ್ಕೆ ಬೆಲೆ ಕಟ್ಟಿದವಳು
ನನ್ನದೇ ಪಾಲಿಸಿಯ ಸಣ್ಣಕ್ಷರಕ್ಕೆ ಕನ್ನಡಕ ಏರಿಸಿದೆ:
ಗುರುತ್ವಾಕರ್ಷಣೆಯಿಂದ ವೇಗ ಪಡೆಯುವ ಆಟಗಳು
ಇದರಲ್ಲಿ ಒಳಪಡುವುದಿಲ್ಲ.
ಮುಟ್ಟು ನಿಲ್ಲುತ್ತಿರುವ ನಲವತ್ತೇಳರ ಹೆಂಗಸಿಗೆ
ಗುರುತ್ವಾಕರ್ಷಣೆ ಒಳಪಡದ ಆಟ
ಯಾವುದಿದೆ ಸ್ವಾಮಿ?

ನಮ್ಮ ಮಾತಿನಲ್ಲಿ ಇಳಿಯುವುದಕ್ಕೆ ಮರ್ಯಾದೆಯಿಲ್ಲ.
ಇಳಿವಯಸ್ಸು. ಇಳಿಹೊತ್ತು. ಮುಖ ಇಳಿಯಿತು.
ಆದರೂ ಹೊಲ ಕೊಟ್ಟದ್ದನ್ನು ಇಳುವರಿ ಎನ್ನುತ್ತೇವೆ,
ಕೂಸಿನ ದೃಷ್ಟಿ ಇಳಿಸುತ್ತೇವೆ,
ಬಂದವರಿಗೆ ಮೊದಲು
ಹೊರೆ ಇಳಿಸಿ ನೀರು ಕುಡಿ ಎನ್ನುತ್ತೇವೆ.

ಕಣ್ಣು ಚಕ್ರದ ಮೇಲಿರಬಾರದು,
ಹತ್ತು ಮಾರು ಮುಂದಿನ ತಿರುವಿನ ಮೇಲಿರಬೇಕು.
ಬ್ರೇಕಿಗೆ ಒಂದೇ ಬೆರಳು.
ಕಲ್ಲನ್ನು ನೋಡಿದರೆ ಕಲ್ಲಿಗೇ ಹೋಗುತ್ತೀ.
ಹೋರ್ಮಜ್ ಹೇಳಿಕೊಟ್ಟದ್ದು ಇದು.
ನಾನಿನ್ನೂ ಕಲ್ಲನ್ನೇ ನೋಡುತ್ತೇನೆ.

ಈಗ ಇಪ್ಪತ್ಮೂರೂ ಮುನ್ನೂರು ಗ್ರಾಂ.
ವೀಸಾ ಇನ್ನೂ ಮುಂಬೈಯಲ್ಲೇ ಯಾರದೋ ಮೇಜಿನ ಮೇಲಿದೆ.
ಟೈರಿನ ಗಾಳಿಯನ್ನೂ ಬಿಟ್ಟೆ.
ಪುಣೆಯ ಗಾಳಿ, ಬೇಕರಿಯ ವಾಸನೆ, ರಿಕ್ಷಾದ ಹೊಗೆ ಸಮೇತ
ಉಸ್ಸೆಂದು ಓಣಿಗೆ ಮರಳಿತು.
ಮುಳ್ಳು ಕದಲಲಿಲ್ಲ.

ಪೋಪಟ್ ಶೇಠ್ ಅತ್ತಿತ್ತ ನೋಡಿ
ಪೆಟ್ಟಿಗೆಯ ಅಡಿಗೆ ಹೆಬ್ಬೆರಳು ಕೊಟ್ಟ,
ಇಷ್ಟು ವರ್ಷ ನನ್ನ ಹಳೆ ಪೇಪರಿನ ಕಟ್ಟಿಗೆ
ಕೊಡುತ್ತಿದ್ದ ಅದೇ ಹೆಬ್ಬೆರಳು.
"ನೋಡಿ, ಸರಿಯಾಗಿ ಇಪ್ಪತ್ಮೂರು" ಎಂದ.

ನಾನೂ ಹೌದೆಂದೆ.