ಮೂರೋ ಎಂಟೋ

ಪೊಲ್ಲಿಬೆಟ್ಟದ ಕಾಫಿ ಕಣದ ಮೂಲೆಯಲ್ಲಿ
ಟಾರ್ಪಾಲು ಸರಿಸಿ ಬೋಜಮ್ಮ ಅಂದರು:
‘ಇದೇ. ನೋಡಿ ಹೇಳಿ.
ಗುಜರಿಯ ಹಂಸ ಕಿಲೋಗೆ ಮೂವತ್ತೆರಡು ಅಂದಿದ್ದಾನೆ.’

ನೋಡುವುದೇ ನನ್ನ ಕಸುಬು.
ಪುಣೆಯ ಸಾಹುಕಾರರೊಬ್ಬರು ಬಾಡಿಗೆಗೆ ಹಿಡಿದ
ವಿರಾಜಪೇಟೆಯ ಎರಡು ಕಣ್ಣು;
ಜೇಬಲ್ಲಿ ಭೂತಗನ್ನಡಿ, ಒಂದು ಅಯಸ್ಕಾಂತ,
ಸೀಮೆಎಣ್ಣೆಯಲ್ಲಿ ಅದ್ದಿದ ಬನೀನಿನ ಚಿಂದಿ.

ಟ್ಯಾಂಕಿನ ಮೇಲೆ ಹೆಸರಿಲ್ಲ.
ಗೇಟಿಗೆ ಬಳಿದು ಮಿಕ್ಕ ಹಸಿರು.
ಉಜ್ಜಿದರೆ ಮಿಲಿಟರಿಯ ಮಣ್ಣುಬಣ್ಣ.
ಅದರಡಿ ಉಗುರಗಲ ಕೆಂಪು—
ಕಣದಲ್ಲಿ ಹರವಿದ ಹಣ್ಣಿನ ಕೆಂಪಲ್ಲ,
ತುಸು ಕಿತ್ತಳೆಗೆ ತಿರುಗಿದ್ದು,
ಇಟಲಿಯವರಷ್ಟೇ ಕಲಸಬಲ್ಲದ್ದು.
ಎದೆ ಒಂದು ಹಲ್ಲು ಹಾರಿತು, ಸಡಿಲ ಚೈನಿನ ಹಾಗೆ.

ರಿಮ್ಮಿಗೆ ಅಯಸ್ಕಾಂತ ಹಿಡಿದೆ. ಅಂಟಲಿಲ್ಲ.
ಅಂಟದಿರುವುದೇ ಇಲ್ಲಿ ಗುಣ.
ತೂಕ ಇಳಿಸಲು ಬ್ರೇಕಿನ ಪೆಡಲಿಗೆ ಏಳು ತೂತು,
ಮೂರಕ್ಕೆ ಕಣಜ ಮಣ್ಣು ಮೆತ್ತಿ ಸಂಸಾರ ಹೂಡಿದೆ.

ಕತ್ತಿನ ಬಳಿ ಆರು ಅಂಕಿ.
ಮೂರನೆಯದು ಮೂರೋ ಎಂಟೋ.
ಮೂರಾದರೆ ಅಂಗಡಿಯಲ್ಲಿ ಬಿಕರಿಗಿಟ್ಟ ಗಾಡಿ,
ಎಂಟಾದರೆ ಓಟಕ್ಕೆಂದೇ ಕಟ್ಟಿದ್ದು.
ಮೂರಕ್ಕೂ ಎಂಟಕ್ಕೂ ನಡುವೆ
ಹದಿನೆಂಟು ಲಕ್ಷ, ಒಂದು ತುಕ್ಕಿನ ಚುಕ್ಕೆ.
ಉಸಿರು ಬಿಗಿಹಿಡಿದು ಬಗ್ಗಿದ್ದೇನೆ,
ಹಿಂದಿನಿಂದ, ಕನ್ನಡಕವಿಲ್ಲದೆ, ಬೋಜಮ್ಮ:
‘ಎಂಟು.
ಕೋವಿಯ ನಂಬರು ಬಾಯಲ್ಲಿರುವ ಮನೆ ಇದು,
ಇದರದ್ದು ಮರೆಯುತ್ತೇವಾ?’

ಆದರೆ ಎಂಜಿನ್? ಮೈಸೂರಿನ ಜಾವಾದ್ದು.
ಹೊಂದಿಸಲು ಎಲ್ಲೆಲ್ಲೋ ಕೊಯ್ದು ಬೆಸೆದಿದ್ದಾರೆ,
ಕುದುರೆಯ ಎದೆಯಲ್ಲಿ ಎತ್ತಿನ ಗುಂಡಿಗೆ.
‘ಅಸಲು ಎಲ್ಲಿ?’ ಎಂದೆ.
‘ಅಸಲು, ಬಡ್ಡಿ ಎಲ್ಲ ಬ್ಯಾಂಕಿನವರ ಮಾತು.
ಹಳೆಯದು ಅನ್ನಿ. ಪಲ್ಪರ್ ಮನೆಯಲ್ಲಿದೆ.’

ಕರೆಂಟು ಬರುವ ತನಕ ಹನ್ನೊಂದು ಕೊಯ್ಲು
ಅದೇ ಹಣ್ಣು ಸುಲಿಯಿತಂತೆ.
ಮೊದಲ ದಿನ ಅದು ಕಿರುಚಿದ್ದು ಸಿದ್ದಾಪುರಕ್ಕೆ ಕೇಳಿತಂತೆ,
ಆಮೇಲೆ ಮೊಯ್ದು ಮೇಸ್ತ್ರಿ ಪುಲ್ಲಿ ಬದಲಿಸಿ
ಖೆಡ್ಡಾದ ಆನೆಯ ಹಾಗೆ ಪಳಗಿಸಿದನಂತೆ.

ಗೋಣಿ ಎತ್ತಿದೆ. ಹುಳಿ ವಾಸನೆ.
ರಸ ತಿಂದ ಅಲ್ಯೂಮಿನಿಯಂ ಸಿಡುಬಿನ ಮುಖ,
ರೆಕ್ಕೆ ರೆಕ್ಕೆಯ ನಡುವೆ ಒಣ ಸಿಪ್ಪೆ.
ಚಿಂದಿಯಿಂದ ಒರೆಸಿದೆ: ಆರು ಅಂಕಿ,
ಮೂರನೆಯದು ಎಂಟು, ಅನುಮಾನಕ್ಕೆಡೆಯಿಲ್ಲದ
ಎರಡು ಹೊಟ್ಟೆಯ ಎಂಟು.
ನಾನು ಗೋಣಿಯ ಮೇಲೆ ಹಾಗೇ ಕೂತೆ.

‘ಓಡಿಸಿದವರು ಯಾರು?’ ಪಟ್ಟಿಯಲ್ಲಿ ಅದಕ್ಕೊಂದು ಮನೆ ಇದೆ.
‘ಅಣ್ಣ. ಶೋಲಾವರದ ಪಟ್ಟಿಯಲ್ಲೂ ಅಣ್ಣನ ಹೆಸರೇ.’
ಗೋಡೆಯ ಫೋಟೋದಲ್ಲಿ ಅಣ್ಣ,
ಸಮವಸ್ತ್ರದಲ್ಲಿ, ಬಾಗಿಲಿಗೆ ತಲೆ ತಾಗೀತೆಂದು ಬಗ್ಗಿ ನಿಂತ ಆಳು.

ನನಗೆ ಕ್ಲಚ್ಚಿನ ಲಿವರು ನೆನಪಾಯಿತು.
ಎರಡು ಬೆರಳಗಲ ಕೊಯ್ದು, ತುದಿ ನಯಮಾಡಿ,
ಹಿಡಿಯ ಕಡೆಗೆ ಬಗ್ಗಿಸಿದ್ದಾರೆ.
ಕಾಲೂರುವ ಕಡ್ಡಿ ಮೇಲಕ್ಕೆ, ಮುಂದಕ್ಕೆ.
ಟ್ಯಾಂಕಿನಲ್ಲಿ ಮೊಣಕಾಲು ಒತ್ತಿದ ಗುಳಿ
ನನ್ನ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು.

ಮರಳಿ ಕಣಕ್ಕೆ ಬಂದೆವು.
ಜೇಡ ಕಂಡರೋ ಏನೋ, ಕೊಡವಲೆಂದು
ಬೋಜಮ್ಮ ಹ್ಯಾಂಡಲಿಗೆ ಕೈಹಾಕಿದರು.
ಬೆರಳು ತಾವಾಗಿ ಲಿವರಿನ ಸುತ್ತ ಮಡಿಚಿದವು.
ಎಡ ಮಣಿಕಟ್ಟಿನಲ್ಲಿ ಎಂದೋ ಸೊಟ್ಟಗೆ ಕೂಡಿದ ಮೂಳೆ.
ನಾನು ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು.

‘ಅದನ್ನು ಬರೆದರೆ ರೇಟು ಏರುತ್ತದೋ ಇಳಿಯುತ್ತದೋ?’
ಗೊತ್ತಿರಲಿಲ್ಲ.
ನಿಯಮದ ಪ್ರಕಾರ ತಿದ್ದಿದ ಲಿವರಿಗೆ
ಇಪ್ಪತ್ತು ಸಾವಿರ ಕಳೆಯಬೇಕು.
ಕಳೆಯಲು ಪೆನ್ನು ಏಳಲಿಲ್ಲ,
ಕೂಡಿಸುವ ಲೆಕ್ಕ ನಮಗೆ ಯಾರೂ ಕಲಿಸಿಲ್ಲ.
ಕೊನೆಗೆ ಬಾಯಲ್ಲೇ ಹೇಳಿದೆ: ಇಪ್ಪತ್ತಾರು ಲಕ್ಷ,
ಎರಡೂ ಜೊತೆಗೆ ಕೊಟ್ಟರೆ.

ಬೋಜಮ್ಮ ಟಾರ್ಪಾಲು ಎಳೆದು ಹೊದಿಸಿದರು,
ನಾಲ್ಕು ಮೂಲೆಗೆ ನಾಲ್ಕು ಕಲ್ಲು,
ಹಣ್ಣು ಮಗುಚುವ ಹಲಗೆ ಎತ್ತಿಕೊಂಡರು.
‘ಮಾರುತ್ತೇನೆ ಅಂದೆನಾ?
ನೋಡಿ ಹೇಳಿ ಅಂದೆ.’