ಹನ್ನೊಂದು ಡಬ್ಬಿಗಳು

ಗಾಳಿಬೀಡಿನ ಗುಡ್ಡದುದ್ದಕ್ಕೂ ಮಳೆ ಅಳೆಯುವ
ಹನ್ನೊಂದು ಡಬ್ಬಿ ಕಟ್ಟಿದೆ, ಕಬ್ಬಿಣದ ಕಂಬಗಳಿಗೆ.
ಮೊದಲ ವರ್ಷ ಅವಕ್ಕೊಬ್ಬ ಯಜಮಾನನಿದ್ದ:
ಮಡಿಕೇರಿಯಲ್ಲಿ, ನನ್ನ ಬಾಡಿಗೆ ಕೋಣೆಯ ಕಪಾಟಿನಲ್ಲಿ,
ಇಸ್ತ್ರಿಪೆಟ್ಟಿಗೆಯ ಪಕ್ಕ.
ಅವನು ಕೇಳದೆ ಯಾರೂ ಬಾಯಿ ಬಿಡುವಂತಿಲ್ಲ.
ಹಾಗೆ ಬರೆದವಳು ನಾನೇ.

ಕಕ್ಕಡದ ಒಂದು ರಾತ್ರಿ ಕರೆಂಟು ಹೋಯಿತು,
ಮೂರು ದಿನ ಬರಲಿಲ್ಲ.
ಗುಡ್ಡದ ಮೇಲೆ ಹನ್ನೊಂದೂ ನೆಟ್ಟಗೆ ನಿಂತಿದ್ದವು,
ಹೊಟ್ಟೆಯೊಳಗೆ ಏಳು ಇಂಚು ಮಳೆಯ ಸುದ್ದಿ ಇಟ್ಟುಕೊಂಡು
ಅಪ್ಪಣೆಗೆ ಕಾಯುತ್ತ.
ಕೆಳಗೆ ತೋಡು ಕೆಂಪಾದದ್ದನ್ನು
ಚೋಂದಮ್ಮ ಕಣ್ಣಾರೆ ಕಂಡು ಕೂಗಿದರಂತೆ,
ಆ ಕೂಗು ಪಕ್ಕದ ಮನೆಗೆ, ಅಲ್ಲಿಂದ ಮತ್ತೊಂದಕ್ಕೆ.
ನನ್ನ ಫೋನಿನಲ್ಲಿ ಮಾತ್ರ ಕೊನೆಯ ಸಾಲು ಹಾಗೇ ಕೂತಿತ್ತು:
ಎಲ್ಲ ಕ್ಷೇಮ.

ತಂತಿ ಎತ್ತಲು ಬಂದ ಲೈನ್‌ಮನ್ ಉಮ್ಮರ್
ಕಂಬದ ಮೇಲಿಂದಲೇ ಹೇಳಿದ:
"ಒಂದು ಕೊಂಬೆ ಬಿದ್ದರೆ ಊರೆಲ್ಲ ಕತ್ತಲಾಗಬೇಕಾ ಮೇಡಂ?
ಅದಕ್ಕೇ ಅಲ್ಲಲ್ಲಿ ಸ್ವಿಚ್ಚು.
ಬಿದ್ದ ತುಂಡು ಬಿಡಿಸು, ಉಳಿದದ್ದು ಉರೀಲಿ."
ಅವತ್ತು ಊರೆಲ್ಲ ಕತ್ತಲೇ ಇತ್ತು.
ಆ ಮಾತು ನಾನು ಎತ್ತಲಿಲ್ಲ.

ಬೇಸಿಗೆಯಲ್ಲಿ ಕೂತೆ.
ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.
ಈಗ ಒಂದೊಂದು ಡಬ್ಬಿಗೂ
ಎರಡೋ ಮೂರೋ ನೆರೆಯವರ ಗುರುತು, ಅಷ್ಟೇ.
ನಿಮಿಷಕ್ಕೊಮ್ಮೆ: ಇದ್ದೀಯಾ? ಇದ್ದೇನೆ.
ಮೂರು ಸಲ ಕರೆದರೂ ಓಗೊಡದಿದ್ದರೆ
ಇಲ್ಲವೆಂದುಕೊಂಡು ದಾರಿ ಬದಲಿಸು,
ನನ್ನನ್ನು ಎಬ್ಬಿಸಬೇಡ.
ಮಣ್ಣು ಅಲುಗಿತೆಂದು ಒಬ್ಬ ಹೇಳಿದರೆ ನಂಬಬೇಡ,
ಮೂವರು ಹೇಳಿದರೆ ಸೈರನ್ ಊದು.
(ಇಬ್ಬರು ಹೇಳಿದರೆ?
ಏಪ್ರಿಲ್ ಪೂರ್ತಿ ಇದಕ್ಕೇ ಹೋಯಿತು.)

ಈ ಸಲ ಆನೆಯೊಂದು ಏಳನೆಯದನ್ನು ಬೀಳಿಸಿತು,
ಬೆನ್ನು ತುರಿಸಿತ್ತೋ ಏನೋ.
ನಾನು ಮಲಗಿದ್ದೆ.
ಬೆಳಿಗ್ಗೆ ದಾಖಲೆ ಓದಿದೆ:
ಎರಡು ನಲವತ್ತಕ್ಕೆ ಆರು ಕರೆಯಿತು,
ಕರೆಯಿತು,
ಕರೆಯಿತು,
ಆಮೇಲೆ ಹಳ್ಳದ ಮೇಲಿಂದ ಚಾಚಿ ಎಂಟರ ಕೈ ಹಿಡಿಯಿತು.
ಉಳಿದ ಹತ್ತರ ಲೆಕ್ಕದಲ್ಲಿ ಒಂದು ಸೆಂಟೂ ತಪ್ಪಿರಲಿಲ್ಲ.
ಹೆಮ್ಮೆಯಾಗಬೇಕಿತ್ತು.
ಕಾಫಿ ಆರುವ ತನಕ ಸುಮ್ಮನೆ ಕೂತಿದ್ದೆ,
ಬೀಗರ ಮನೆಯಲ್ಲಿ ಕೆಲಸ ಹುಡುಕುವವಳ ಹಾಗೆ.

ಮಧ್ಯಾಹ್ನ ಏಳರ ಕೆಸರು ಒರೆಸಿ
ಬೇರೆ ಕಂಬಕ್ಕೆ ಬಿಗಿದು ಸ್ವಿಚ್ಚು ಒತ್ತಿದೆ.
ತನ್ನ ಮಳೆ ಎಷ್ಟೆಂದು ಅದು ತಕ್ಷಣ ಹೇಳಲಿಲ್ಲ.
ಮೊದಲು ಆರನ್ನು ಕೇಳಿತು:
ನಾನಿಲ್ಲದಾಗ ಏನೇನಾಯಿತು?